ನಿಲ್ಲದ ಗಾಂಧಾರ: ಮಾಯಾಬಂದರಿಗೆ ಹೊರಟ ಪೇಟಿಯ ಐದನೆಯ ಕಂತು

ನಾನು ದುರಸ್ತಿ ಮಾಡುತ್ತಿರುವ ಪೇಟಿಯಲ್ಲಿ, ಅಂದರೆ ಹಾರ್ಮೋನಿಯಂನಲ್ಲಿ, ಕೀಯಿಂದ ಬೆರಳು ತೆಗೆದ ಮೇಲೂ ಹನ್ನೊಂದು ದಿನ ಸಣ್ಣಗೆ ನರಳುತ್ತಲೇ ಇದ್ದ ಗಾಂಧಾರ ಸ್ವರ ನಿನ್ನೆ ರಾತ್ರಿ ಒಂಬತ್ತೂವರೆಗೆ ಸುಮ್ಮನಾಯಿತು. ತಿದಿಯನ್ನು ತುಂಬಿಸಿ, ಕಿವಿಯನ್ನು ಕೀಗಳ ಹತ್ತಿರ ತಂದು, ಗಡಿಯಾರ ನೋಡುತ್ತ ಕುಳಿತೆ. ಗಾಳಿ ಕೂಡಿಟ್ಟುಕೊಳ್ಳುವ ಒಳತಿದಿ ಖಾಲಿಯಾಗಲು ನಲವತ್ತು ಸೆಕೆಂಡಿಗೂ ಹೆಚ್ಚು ಹಿಡಿಯಿತು. ಕಳೆದ ವಾರ ಅದು ಒಂಬತ್ತೇ ಸೆಕೆಂಡಿಗೆ ಕುಸಿದು ಕೂರುತ್ತಿತ್ತು. ಹಿಂದಿನ ಕಂತಿನಲ್ಲಿ ಶ್ರುತಿ ಕೂಡಿಸುವ ಕೆಲಸ ಮುಗಿದಿದೆ, ಇನ್ನು ಪಾಲಿಶ್ ಮಾಡಿ ಪೆಟ್ಟಿಗೆಗೆ ಹಾಕುವುದಷ್ಟೇ ಉಳಿದಿದೆ ಎಂದು ಬರೆದಿದ್ದೆ. ಆ ಮಾತು ತಪ್ಪಾಗಿತ್ತು. ರೀಡು (ಚೌಕಟ್ಟಿನಲ್ಲಿ ಕಂಪಿಸಿ ಸ್ವರ ಹೊರಡಿಸುವ ಲೋಹದ ನಾಲಗೆ) ಕೆರೆಯುವುದು, ತಿದಿಗೆ ಬಟ್ಟೆ ಅಂಟಿಸುವುದು, ಸ್ಟಾಪರ್ ಸರಿಪಡಿಸುವುದು ಇವೆಲ್ಲ ಈ ದಾಖಲೆಯನ್ನು ಓದುವವರಿಗೆ ಗೊತ್ತಿರುವ ಕೆಲಸಗಳಾದ್ದರಿಂದ ಅವನ್ನು ಬಿಟ್ಟು, ಈ ಕಂತನ್ನು ಆ ಒಂದು ಸ್ವರಕ್ಕೇ ಮೀಸಲಿಡುತ್ತೇನೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ದಾವಣಗೆರೆಯ ನಮ್ಮ ಚರ್ಚಿನ ಯುವಜನ ಸಂಘದ ಹದಿನಾಲ್ಕು ಮಂದಿ ಈಸ್ಟರ್ ಮುಗಿದ ವಾರ ಅಂಡಮಾನಿನ ಮಾಯಾಬಂದರಿಗೆ ಸೇವಾಯಾತ್ರೆ ಹೊರಡುತ್ತಿದ್ದಾರೆ. ಅಲ್ಲಿ ಅವರನ್ನು ಕರೆದಿರುವುದು ಕರೆನ್ ಸಮುದಾಯದ ಒಂದು ಸಣ್ಣ ಸಭೆ. ಅವರ ಹಿರಿಯರು 1925ರಲ್ಲಿ ಬರ್ಮಾದಿಂದ ಬಂದು ಕಾಡು ಕಡಿದು ಊರು ಕಟ್ಟಿದವರು, ಬ್ಯಾಪ್ಟಿಸ್ಟ್ ಪಂಥದವರು. ನಮ್ಮ ಹುಡುಗ ಹುಡುಗಿಯರು ಅಲ್ಲಿ ಹತ್ತು ದಿನ ಮಕ್ಕಳಿಗೆ ವಿ.ಬಿ.ಎಸ್. (ರಜಾಕಾಲದ ಬೈಬಲ್ ಶಾಲೆ) ನಡೆಸಿ, ಶಾಲೆಯ ಗೋಡೆಗಳಿಗೆ ಬಣ್ಣ ಹೊಡೆದು ಬರಬೇಕೆಂಬುದು ಯೋಜನೆ. ನಮ್ಮಿಂದ ಏನು ತರಬೇಕೆಂದು ಕೇಳಿದಾಗ ಆ ಸಭೆಯವರು ಬಟ್ಟೆ ಕೇಳಲಿಲ್ಲ, ಪುಸ್ತಕ ಕೇಳಲಿಲ್ಲ. ಹಾಡಿಗೆ ಜೊತೆಯಾಗುವ ಒಂದು ಹಾರ್ಮೋನಿಯಂ ಕೇಳಿದರು. ಅವರಲ್ಲಿದ್ದ ವಿದ್ಯುತ್ ಕೀಬೋರ್ಡು ಎರಡು ಮಳೆಗಾಲ ಕಂಡು ಕೆಟ್ಟುಹೋಗಿತ್ತು, ಹಳೆಯ ಪೇಟಿಯ ರೀಡುಗಳಿಗೆ ಕಿಲುಬು ಹಿಡಿದಿತ್ತು. ನನ್ನ ಬಳಿ ದುರಸ್ತಿಗೆ ಕಾದಿದ್ದ ಮೂರು ಸಪ್ತಕದ, ಎರಡು ಸಾಲು ರೀಡಿನ ಕೈಪೇಟಿಯನ್ನು ಕೊಡುತ್ತೇನೆಂದು ನಮ್ಮ ಸಭಾಪಾಲಕರಾದ ಅಯ್ಯನವರಿಗೆ ಮಾತು ಕೊಟ್ಟೆ.

ಮಾತು ಕೊಟ್ಟ ರಾತ್ರಿಯೇ ಹವೆಯ ಚಿಂತೆ ಶುರುವಾಯಿತು. ನಮ್ಮೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು, ಅಂಡಮಾನಿನಲ್ಲಿ ಸುಮಾರು 3,000 ಮಿ.ಮೀ. ಮಾರ್ಚ್ ತಿಂಗಳ ಮಧ್ಯಾಹ್ನ ನನ್ನ ಕೆಲಸದ ಕೋಣೆಯ ತೇವಮಾಪಕ ಶೇ. 28 ತೋರಿಸುತ್ತದೆ, ಅಲ್ಲಿ ವರ್ಷದ ಬಹುಪಾಲು ಶೇ. 80ರ ಹತ್ತಿರವೇ ಇರುತ್ತದೆ. ಶೇ. 30ರ ಹವೆಯಲ್ಲಿ ಮರ ತನ್ನ ತೂಕದ ಶೇ. 6ರಷ್ಟು ನೀರನ್ನು ಇಟ್ಟುಕೊಂಡರೆ ಶೇ. 75ರ ಹವೆಯಲ್ಲಿ ಶೇ. 14ರಷ್ಟು ಇಟ್ಟುಕೊಳ್ಳುತ್ತದೆ, ಅಷ್ಟು ನೀರು ಹೊಕ್ಕಾಗ ಉದ್ದದಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿದು ಅಗಲದಲ್ಲಿ ಹಿಗ್ಗುತ್ತದೆ. ಇಲ್ಲಿ ಚೆನ್ನಾಗಿ ನುಡಿದ ಪೇಟಿ ಅಲ್ಲಿಯೂ ನುಡಿಯುತ್ತದೆಂದು ನಂಬಿ ಕಳಿಸುವುದು ನನಗೆ ಸರಿಕಾಣಲಿಲ್ಲ. ಆದ್ದರಿಂದ ದ್ವೀಪದ ಹವೆಯನ್ನೇ ಮನೆಯೊಳಗೆ ಕಟ್ಟಲು ನಿರ್ಧರಿಸಿದೆ.

ಅದಕ್ಕೆ ಬೇಕಾದದ್ದು ಉಪ್ಪು. ಉಪ್ಪನ್ನು ಸ್ವಲ್ಪವೇ ನೀರಿನಲ್ಲಿ ಕಲಸಿ, ಕರಗದೆ ಉಳಿದ ಹರಳುಗಳು ಕಾಣುವಂಥ ಗಟ್ಟಿ ಕೆಸರಿನಂತೆ ಮಾಡಿ ಮುಚ್ಚಿದ ಜಾಗದಲ್ಲಿ ಇಟ್ಟರೆ ಅಲ್ಲಿನ ತೇವಾಂಶ ಶೇ. 75ರ ಸುತ್ತ ನೆಲೆ ನಿಲ್ಲುತ್ತದೆ. ತೇವಮಾಪಕ ಸರಿಯಿದೆಯೇ ಎಂದು ಪರೀಕ್ಷಿಸುವುದೂ ಇದೇ ವಿಧಾನದಿಂದ. ಮಂಡಿಪೇಟೆಯಿಂದ ಐದು ಕಿಲೋ ಉಪ್ಪು ತಂದು, ನಾಲ್ಕು ಸ್ಟೀಲ್ ತಟ್ಟೆಗಳಲ್ಲಿ ಹರಡಿ, ಹಳೆಯ ಮಂಚವೊಂದಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಅದರೊಳಗೆ ಪೇಟಿಯನ್ನು ಇಟ್ಟೆ. ಮೊದಲ ಸಂಜೆ ಸಂಘದ ಹುಡುಗನೊಬ್ಬ ಒಂದು ಹಿಡಿ ಮಂಡಕ್ಕಿಯನ್ನು ಬಟ್ಟಲಿನಲ್ಲಿ ಹಾಕಿ ಡೇರೆಯೊಳಗೆ ಇಟ್ಟು ಹೋಗಿದ್ದ. ಬೆಳಗ್ಗೆ ಅದು ಬಾಯಲ್ಲಿ ಹಲ್ಲಿಗಂಟುವಷ್ಟು ಮೆತ್ತಗಾಗಿತ್ತು. ಮಂಡಕ್ಕಿ ಭಟ್ಟಿಗಳ ಊರಿನವರಿಗೆ ಇದಕ್ಕಿಂತ ಸ್ಪಷ್ಟವಾದ ತೇವಮಾಪಕ ಬೇಕಿಲ್ಲ.

ಮೂರನೆಯ ದಿನ ಎರಡು ಕೀಗಳು ಪಕ್ಕದ ಮೊಳೆಗೆ ಉಜ್ಜಿ ಸಿಕ್ಕಿಕೊಂಡವು; ಮರಳು ಕಾಗದದಿಂದ ಸರಿಹೋಯಿತು. ನಾಲ್ಕನೆಯ ದಿನ ನಡು ಸಪ್ತಕದ ಗಾಂಧಾರ, ಅಂದರೆ ಬಿಳಿ ಒಂದನ್ನು (ಸಪ್ತಕದ ಮೊದಲ ಬಿಳಿ ಕೀಯನ್ನು) ಷಡ್ಜವಾಗಿ ಹಿಡಿದಾಗ ಬರುವ ಗಾಂಧಾರ, ತಾನಾಗಿಯೇ ನುಡಿಯತೊಡಗಿತು.

ನನ್ನ ಮೊದಲ ಅನುಮಾನ ರೀಡಿನ ಮೇಲೆ. ನಾಲಗೆ ಓರೆಯಾಗಿರಬಹುದೆಂದು ತೆಗೆದು ನೋಡಿ, ಹೊಸದನ್ನೇ ಹಾಕೋಣವೆಂದು ಬೆಂಗಳೂರಿನ ಒಂದು ಅಂಗಡಿಗೆ ಹಣ ಕಳಿಸಿದೆ. ಗುಜರಾತಿನ ಪಾಲಿತಾಣದ ರೀಡು ಎಂದು ಹೇಳಿ ಅವರು ಕಳಿಸಿದ ಮೊದಲ ರೀಡಿನ ನಾಲಗೆ ಚೌಕಟ್ಟಿನ ಅಂಚಿಗೆ ತಾಗಿ ಜಿರ್ರೆನ್ನುತ್ತಿತ್ತು. ಎರಡನೆಯದು 30 ಸೆಂಟ್ (ಅರ್ಧಸ್ವರದ ನೂರನೆಯ ಒಂದು ಪಾಲು ಒಂದು ಸೆಂಟ್) ಕೆಳಗಿತ್ತು. ತುದಿ ಕೆರೆದು ಮೇಲೇರಿಸಿಕೊಂಡೆ ನಿಜ, ಆದರೆ ಶ್ರುತಿ ಮಾಡಿದ ರೀಡಿನ ಬೆಲೆ ತೆಗೆದುಕೊಂಡು ಶ್ರುತಿ ಮಾಡದ್ದನ್ನು ಕೊಡುವುದು ನ್ಯಾಯವಲ್ಲ. ಫೋನಿನಲ್ಲಿ ಅದನ್ನು ಹೇಳಿದಾಗ ಅವರಿಂದ ಬಂದ ಉತ್ತರ, ಇಲ್ಲಿಯವರೆಗೆ ಯಾರೂ ದೂರಿಲ್ಲ ಎಂಬುದು. ಹೊಸ ರೀಡು ಹಾಕಿದ ಮೇಲೆ ನರಳಾಟ ಇನ್ನಷ್ಟು ಜೋರಾಯಿತು. ಇದು ಯಾಕೆಂದು ಅಂದು ತಿಳಿಯಲಿಲ್ಲ.

ಎರಡನೆಯ ಅನುಮಾನ ಸ್ಪ್ರಿಂಗಿನ ಮೇಲೆ. ಕೀಯ ಕೆಳಗಿನ ಪ್ಯಾಡು ಗಾಳಿಯ ರಂಧ್ರವನ್ನು ಬಿಗಿಯಾಗಿ ಮುಚ್ಚುತ್ತಿಲ್ಲವೆಂದು ಸ್ಪ್ರಿಂಗನ್ನು ಬಗ್ಗಿಸಿ ಬಿರುಸು ಮಾಡಿದೆ. ಕೀಯ ತುದಿಯಲ್ಲಿ ಚಿಕ್ಕ ರಬ್ಬರು ತುಂಡನ್ನಿಟ್ಟು, ಅದರ ಮೇಲೆ ಹತ್ತು ರೂಪಾಯಿ ನಾಣ್ಯಗಳನ್ನು ಪೇರಿಸಿ ತೂಕ ಅಳೆಯುವುದು ನನ್ನ ರೂಢಿ. ಒಂದು ನಾಣ್ಯ 7.71 ಗ್ರಾಂ. ಮೊದಲು 11 ನಾಣ್ಯಕ್ಕೆ ಇಳಿಯುತ್ತಿದ್ದ ಕೀ ಈಗ 17 ನಾಣ್ಯ ಬೇಡಿತು. ಸ್ವರವೇನೋ ತುಸು ತಗ್ಗಿತು. ಆದರೆ ಭಾನುವಾರ ಆರಾಧನೆಯಲ್ಲಿ ನುಡಿಸುವ ಹುಡುಗಿ ಬಂದು ಎರಡು ಕೀರ್ತನೆ ನುಡಿಸಿ, "ಅಂಕಲ್, ಈ ಒಂದು ಮನೆ ಮೇಲೆ ಬೆರಳು ಬಂದಾಗೆಲ್ಲ ಎಡವಿದಂಗಾಗ್ತದೆ" ಎಂದಳು. ಅವಳ ಮಾತು ಸರಿ. ಒಂದು ಕೀಯ ಬಿರುಸು ಬೇರೆಯಾದರೆ ಕೈ ಅದನ್ನು ಪ್ರತಿ ಸಾಲಿನಲ್ಲೂ ನೆನಪಿಡಬೇಕಾಗುತ್ತದೆ, ಹಾಡುವ ಸಭೆಯ ಮುಂದೆ ಕೂತವರಿಗೆ ಆ ಹೊರೆ ಇರಕೂಡದು. ಸ್ಪ್ರಿಂಗನ್ನು ಹಿಂದಕ್ಕೆ ತಂದೆ.

ಸ್ಪ್ರಿಂಗಿನ ಮಾತು ಬಂದದ್ದರಿಂದ ತಂತಿಯ ವಿಷಯವನ್ನೂ ಇಲ್ಲಿಯೇ ಹೇಳುತ್ತೇನೆ. ಹಳೆಯ ಉಕ್ಕಿನ ಸ್ಪ್ರಿಂಗುಗಳು ಕಡಲ ಗಾಳಿಗೆ ತಾಳಲಾರವೆಂದು ಸ್ಟೇನ್‌ಲೆಸ್ ತಂತಿ ಕೇಳಿದೆ. ಒಬ್ಬ ವ್ಯಾಪಾರಿ ಭರವಸೆ ಕೊಟ್ಟು ಮಾರಿದ ತಂತಿಯನ್ನು ಉಪ್ಪುನೀರಿನ ಬಟ್ಟೆ ಸುತ್ತಿ ಇಟ್ಟರೆ ನಾಲ್ಕನೆಯ ದಿನಕ್ಕೆ ಕಂದು ತುಕ್ಕು ಹಿಡಿಯಿತು. ಅಯಸ್ಕಾಂತ ಇಟ್ಟು ನೋಡುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ತಣ್ಣಗೆ ಎಳೆದ ಒಳ್ಳೆಯ ಸ್ಟೇನ್‌ಲೆಸ್ ತಂತಿಯೂ ಸ್ವಲ್ಪ ಅಂಟುತ್ತದೆ. ಉಪ್ಪಿನ ಬಟ್ಟೆಯ ಪರೀಕ್ಷೆಯನ್ನೇ ನಂಬಬೇಕು. ಈಗ ಫಾಸ್ಫರ್ ಬ್ರಾಂಜ್ ತಂತಿಗೆ ಬೇರೆಡೆ ಹೇಳಿದ್ದೇನೆ, ಇನ್ನೂ ಬಂದಿಲ್ಲ.

ಏಳನೆಯ ದಿನ ಕೀಗಳ ಮೇಲಿನ ಮುಚ್ಚಳ ತೆಗೆದು, ತಿದಿ ತುಂಬಿಸಿ, ಹೊತ್ತಿಸಿದ ಊದುಬತ್ತಿಯನ್ನು ಪ್ಯಾಡುಗಳ ಸಾಲಿನುದ್ದಕ್ಕೂ ನಿಧಾನವಾಗಿ ಸರಿಸಿದೆ. ಎರಡೂ ತುದಿಗಳಲ್ಲಿ ಹೊಗೆ ದಾರದಂತೆ ನೆಟ್ಟಗೆ ಏರಿತು. ನಡುವಿಗೆ ಬಂದಾಗ ಗಾಂಧಾರದ ಪ್ಯಾಡಿನ ಪಕ್ಕದಲ್ಲಿ ಹೊಗೆ ಬಾಗಿ ಚದುರಿತು. ರಿಷಭದ ಬಳಿಯೂ ಚದುರಿತು, ಮಧ್ಯಮದ ಬಳಿಯೂ ಚದುರಿತು. ಸೋರುತ್ತಿದ್ದುದು ಒಂದು ಸ್ವರವಲ್ಲ, ನಡುಭಾಗವೇ ಸೋರುತ್ತಿತ್ತು. ಹೊಸ ರೀಡಿನ ನಾಲಗೆಯನ್ನು ನಾನು ತಗ್ಗಾಗಿ ಕೂಡಿಸಿದ್ದರಿಂದ ಅದು ಅತಿ ಕಡಿಮೆ ಗಾಳಿಗೂ ನುಡಿಯುತ್ತಿತ್ತು, ಪಕ್ಕದವು ಅಷ್ಟು ಗಾಳಿಗೆ ಓಗೊಡುತ್ತಿರಲಿಲ್ಲ. ಅಷ್ಟು ದಿನ ನಾನು ದೂಷಿಸಿದ ರೀಡು ಸುಳ್ಳಾಡಿರಲಿಲ್ಲ, ಎಲ್ಲಕ್ಕಿಂತ ಮೊದಲು ಸುದ್ದಿ ಹೇಳುತ್ತಿತ್ತು.

ಕೀಗಳನ್ನೆಲ್ಲ ಕಳಚಿ, ರೀಡುಗಳನ್ನು ಕೂರಿಸಿದ ಹಲಗೆಯಾದ ರೀಡ್ ಬೋರ್ಡಿನ ಮೇಲೆ ಅಗಲಕ್ಕೆ ಸ್ಟೀಲ್ ಅಳತೆಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದೆ. ನಡುವೆ ಬೆಳಕು ಕಂಡಿತು. ಜೆರಾಕ್ಸ್ ಕಾಗದದ ಒಂದು ಹಾಳೆ 0.1 ಮಿ.ಮೀ. ದಪ್ಪ, ಮೂರು ಹಾಳೆಗಳು ಆ ಸಂದಿಯಲ್ಲಿ ಸಲೀಸಾಗಿ ಹೊಕ್ಕವು. 120 ಮಿ.ಮೀ. ಅಗಲದ ತೇಗದ ಹಲಗೆ ಹೊಂಡದಂತೆ ಬಾಗಿತ್ತು. 50 ಮಿ.ಮೀ. ಉದ್ದದ ಪ್ಯಾಡಿನ ಕೆಳಗೆ ಎಷ್ಟು ಸಂದು ಉಳಿಯುತ್ತದೆಂದು ಲೆಕ್ಕ ಹಾಕಿದರೆ ಅರ್ಧ ಹಾಳೆಯ ದಪ್ಪ ಬಂದಿತು. ಒಂದು ಸ್ವರ ನರಳಲು ಅಷ್ಟು ಸಾಕು.

ಹಲಗೆ ಏಕೆ ಬಾಗಿತೆಂಬುದನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಬೀದಿಯ ಬಡಗಿ ಅಜ್ಜ. ಅವರು ಹಲಗೆಯನ್ನು ತಿರುವಿ, ಒಳಮೈಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಮ್ಯಾಲೆ ಪಾಲಿಶ್ ಐತಿ, ಕೆಳಗೆ ಬರೀ ಕಟ್ಟಿಗಿ. ಒಂದು ಮಗ್ಗಲು ಬೆಂದ ರೊಟ್ಟಿ ಏಳಂಗಿಲ್ಲೇನು, ಇದೂ ಹಂಗೇ" ಎಂದರು. ಮೇಲ್ಮೈಗೆ ಹಳೆಯ ಕಾರಿಗರು ಅರಗು ಬಳಿದಿದ್ದರು, ಗಾಳಿಪೆಟ್ಟಿಗೆಯ ಕಡೆಗಿರುವ ಒಳಮೈಯನ್ನು ಹಾಗೆಯೇ ಬಿಟ್ಟಿದ್ದರು. ತಿದಿ ಒತ್ತಿದಾಗಲೆಲ್ಲ ತೇವದ ಗಾಳಿ ಸೇರುವುದು ಆ ಒಳಮೈಯ ಮೇಲೆಯೇ. ಕೆಳಗಿನ ಪದರ ನೀರು ಕುಡಿದು ಹಿಗ್ಗಿದಾಗ ಮೇಲಿನದು ಹಿಗ್ಗದೆ ಹಲಗೆ ಮೇಲ್ಮುಖವಾಗಿ ಹೊಂಡವಾಗುತ್ತದೆ. ತುದಿಗಳನ್ನು ಸ್ಕ್ರೂ ಹಿಡಿದಿಟ್ಟುಕೊಂಡಿದ್ದರಿಂದ ಬಾಗು ನಡುಸಪ್ತಕಕ್ಕೆ ಬಂದು ಕೂತಿತು. ಕೈಪೇಟಿಯನ್ನು 1875ರಲ್ಲಿ ದ್ವಾರಕಾನಾಥ ಘೋಷ್ ರೂಪಿಸಿದ್ದು ಕೋಲ್ಕತ್ತದಲ್ಲಿ, ಅದೂ ಬೆವರು ಆರದ ಊರೇ. ತೇವವನ್ನು ಈ ವಾದ್ಯ ಹುಟ್ಟಿನಿಂದಲೇ ಬಲ್ಲದು. ಒಂದೇ ಮಗ್ಗುಲಿಗೆ ತಗಲುವ ತೇವವನ್ನು ಅದು ತಾಳದು.

ಮುಂದಿನ ಕೆಲಸಕ್ಕೆ ಹೆಚ್ಚು ಮಾತು ಬೇಡ. ಹಲಗೆಯನ್ನು ನೆರಳಿನಲ್ಲಿ ಎರಡು ದಿನ ಆರಲು ಬಿಟ್ಟು, ದಪ್ಪ ಗಾಜಿನ ಮೇಲೆ ಹಾಸಿದ ಮರಳು ಕಾಗದಕ್ಕೆ ಉಜ್ಜಿ ಮಟ್ಟ ಮಾಡಿದೆ. ರೀಡುಗಳನ್ನೆಲ್ಲ ತೆಗೆದು, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಒಳಮೈಗೆ ತೆಳುವಾಗಿ ಮೂರು ಸಲ ಬಳಿದೆ. ರಂಧ್ರಗಳ ಒಳಗೋಡೆಗಳನ್ನು ಬಿಡಬೇಡಿ. ಅಡ್ಡ ಕೊಯ್ದ ಎಳೆಗಳ ಬಾಯಿ ತೆರೆದಿರುವುದು ಅಲ್ಲಿಯೇ, ನೀರು ಮೊದಲು ಹೊಗುವುದೂ ಅಲ್ಲಿಯೇ. ಸಣ್ಣ ಕುಂಚ ಹಿಡಿದು ಒಂದೊಂದನ್ನೇ ಬಳಿಯಲು ಒಂದು ಇಡೀ ಸಂಜೆ ಹಿಡಿಯಿತು. ಕೊನೆಯದಾಗಿ, ಮುಂದಿನ ಸಾಲಿನ ಸ್ಕ್ರೂಗಳನ್ನು ದುಂಡು ತೂತಿನಲ್ಲಿಯೇ ಬಿಟ್ಟು, ಹಿಂದಿನ ಸಾಲಿನ ತೂತುಗಳನ್ನು ಅಗಲದ ದಿಕ್ಕಿನಲ್ಲಿ ಎರಡು ಮಿ.ಮೀ. ಉದ್ದಕ್ಕೆ ಕೊರೆದು ವಾಷರ್ ಹಾಕಿದೆ. ಈಗ ಹಲಗೆ ಹಿಗ್ಗಬೇಕೆನಿಸಿದರೆ ಹಿಂದಕ್ಕೆ ಸರಿದು ಹಿಗ್ಗಬಹುದು. ಮತ್ತೆ ಡೇರೆಯೊಳಗೆ ಇಟ್ಟ ಮೇಲೆ ಶೇ. 75ರಲ್ಲಿ ಅಳತೆಪಟ್ಟಿಯ ಕೆಳಗೆ ಒಂದು ಹಾಳೆಯೂ ಹೋಗುತ್ತಿಲ್ಲ. ನಿನ್ನೆ ರಾತ್ರಿ ಊದುಬತ್ತಿಯ ಹೊಗೆ ಸಾಲಿನುದ್ದಕ್ಕೂ ನೆಟ್ಟಗಿತ್ತು. ಗಾಂಧಾರ 12 ನಾಣ್ಯಕ್ಕೆ ಇಳಿಯುತ್ತದೆ, ಬಿಟ್ಟ ಕೂಡಲೇ ನಿಲ್ಲುತ್ತದೆ.

ಹಲಗೆ ಆರುತ್ತಿದ್ದ ಆ ಎರಡು ದಿನ ಕೈ ಸುಮ್ಮನಿರಲಾರದೆ ಮುಂದಿನ ಕೆಲಸವನ್ನು ಮೆಟ್ಟಿಲ ಕೆಳಗಿನಿಂದ ಹೊರಗೆಳೆದೆ. ಅದು ಒಂದು ಕಾಲುಪೇಟಿ. ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆದ ಊರು ನಮ್ಮದು. ರಂಗದ ಮುಂದೆ ಕಾಲಿನಿಂದ ತಿದಿ ತುಳಿಯುತ್ತ ಎರಡೂ ಕೈಯಿಂದ ನುಡಿಸುವ ಮಾಸ್ತರರನ್ನು ನೋಡುತ್ತ ಬೆಳೆದವರು ಇಲ್ಲಿ ಇನ್ನೂ ಇದ್ದಾರೆ. ನನಗೆ ಸಿಕ್ಕ ಪೇಟಿಯ ತಿದಿಯನ್ನು ಇಲಿ ಕಡಿದಿದೆ, ಒಂದು ತುಳಿಹಲಗೆ ಇಲ್ಲ, ಆದರೆ ರೀಡುಗಳು ಒಂದೂ ಕಳೆದಿಲ್ಲ. ಅದರ ರೀಡ್ ಬೋರ್ಡನ್ನು ಕೂಡಲೇ ತಿರುವಿ ನೋಡಿದೆ. ಅದರ ಒಳಮೈಗೂ ಅರಗಿಲ್ಲ.

ಕೈಪೇಟಿಯ ಪಯಣದ ಏರ್ಪಾಟು ಹೀಗಿದೆ. ಚೆನ್ನೈನಿಂದ ಹಡಗಿನಲ್ಲಿ ಸುಮಾರು 1,200 ಕಿ.ಮೀ., ಹೆಚ್ಚುಕಡಿಮೆ ಮೂರು ದಿನ. 2024ರಿಂದ ಶ್ರೀ ವಿಜಯಪುರಂ ಎಂದು ಕರೆಯಲಾಗುತ್ತಿರುವ ಪೋರ್ಟ್ ಬ್ಲೇರ್‌ನಿಂದ ಮಾಯಾಬಂದರಿಗೆ ಸುಮಾರು 240 ಕಿ.ಮೀ. ರಸ್ತೆ. ಆ ರಸ್ತೆ ಜಾರವಾ ಜನರ ಮೀಸಲು ಕಾಡನ್ನು ದಾಟುತ್ತದೆ, ವಾಹನಗಳು ಬೆಂಗಾವಲಿನ ಸಾಲಿನಲ್ಲಿಯೇ ಹೋಗಬೇಕು, ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಅಲ್ಲಿನ ಮೂಲನಿವಾಸಿಗಳ ರಕ್ಷಣೆಗೆ 1956ರಿಂದ ಕಾಯಿದೆಯೇ ಇದೆ. ಸೇವೆಗೆ ಹೋಗುವವರು ಕರೆದವರ ಮನೆಗೆ ಹೋಗಬೇಕು, ಕರೆಯದವರ ಕಾಡಿಗಲ್ಲ ಎಂದು ಅಯ್ಯನವರು ಸಂಘದ ಸಭೆಯಲ್ಲಿ ಹೇಳಿದ್ದನ್ನು ನಾನೂ ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಕುಲುಕಾಟಕ್ಕೆ ತಿದಿ ತೆರೆದುಕೊಳ್ಳದಂತೆ ಪಟ್ಟಿ ಬಿಗಿದು, ಪೆಟ್ಟಿಗೆಯ ತಳಕ್ಕೆ ಎರಡು ಇಂಚು ಫೋಮ್ ಹಾಕುತ್ತಿದ್ದೇನೆ. ಜೊತೆಗೆ ಒಂದು ಡಬ್ಬಿಯಲ್ಲಿ ನಾಲ್ಕು ಬಿಡಿ ರೀಡು, ಮೇಕೆ ಚರ್ಮದ ತುಂಡು, ಅರಗಿನ ಚಕ್ಕೆ.

ನುಡಿಸುವ ಹುಡುಗಿಗೆ ಶನಿವಾರ ಬರಲು ಹೇಳಿದ್ದೇನೆ. ಸ್ಕ್ರೂ ಬಿಚ್ಚಿ ಪ್ಯಾಡು ಬದಲಿಸುವುದನ್ನು ಅವಳು ಕಲಿತು ಹೋಗಿ, ಅಲ್ಲಿ ಪೇಟಿ ನುಡಿಸುವವರಿಗೆ ಕಲಿಸಿ ಬರಬೇಕು. ಬ್ರಾಂಜ್ ತಂತಿ ಅಷ್ಟರೊಳಗೆ ಬಂದರೆ ಮೂವತ್ತೇಳು ಸ್ಪ್ರಿಂಗುಗಳನ್ನೂ ಅವಳ ಕೈಯಿಂದಲೇ ಹಾಕಿಸುತ್ತೇನೆ.