‘ಯಾವ ಊರಿನ ಅರ್ಧ?’

ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ, ಉತ್ತರಾನ ಟ್ಯಾಬ್‌ನಲ್ಲಿ ತುಂಬೋದು ನನ್ನ ಕೆಲಸ. ಒಂದು ಅಡಿಕೆ ಸುಗ್ಗೀಲಿ ತೀರ್ಥಹಳ್ಳಿ ಕಡೆಯ ಎರಡು ಊರು ನನ್ನ ಪಾಲಿಗೆ ಬಂದವು. ಹೊರಗಿನಿಂದ ಕೂಲಿಗೆ ಬರುವವರ ಬಗ್ಗೆ ಜನ ಏನಂತಾರೆ ಅಂತ ಕೇಳಬೇಕಿತ್ತು. ಎರಡೂ ಊರಿನದು ಕೂಡಿಸಿ ‘ಅರ್ಧ ಜನಕ್ಕೆ ಇಷ್ಟ ಇಲ್ಲ’ ಅಂತ ಬರೆದು ಕಳಿಸಿದೆ. ಮೇಲಿನವರು ವಾಪಸ್ ಕಳಿಸಿದರು. ‘ಯಾವ ಊರಿನ ಅರ್ಧ?’

ಬಿಡಿಸಿ ನೋಡಿದೆ. ಒಂದು ಊರು ಹೆದ್ದಾರಿ ಪಕ್ಕ. ಅಸ್ಸಾಂ ಹುಡುಗರು ಬೆಳಗ್ಗೆ ಬಸ್ ಇಳಿದು, ಚಾ ಕುಡಿದು, ಜೀಪ್ ಹತ್ತಿ ಹೋಗ್ತಾರೆ. ಒಬ್ಬರೂ ಅಲ್ಲಿ ಉಳಿಯೋದಿಲ್ಲ. ಸಿಟ್ಟೆಲ್ಲ ಅಲ್ಲೇ ಇತ್ತು. ಇನ್ನೊಂದು ಊರಲ್ಲಿ ಅವರು ತೋಟದ ಲೈನ್ ಮನೇಲೇ ಇದ್ದಾರೆ. ದೂರು ಅಲ್ಲೂ ಉಂಟು: ರಾತ್ರಿ ಮೊಬೈಲ್ ಹಾಡು ಜಾಸ್ತಿ, ಬಚ್ಚಲ ನೀರು ದಾರಿಗೆ ಬಿಡ್ತಾರೆ. ಆದರೆ ಅವು ಪಕ್ಕದ ಮನೆಯವರ ಮೇಲೆ ಹೇಳೋ ಥರದ ದೂರು.

ಆಸ್ಟ್ರಿಯಾದಲ್ಲೂ ಹೀಗೇ ಆಗಿತ್ತು ಅಂತ ಆಮೇಲೆ ಓದಿದೆ. 2015ರಲ್ಲಿ ಸಿರಿಯಾ ಕಡೆಯ ನಿರಾಶ್ರಿತರು ಬಂದಾಗ, ಅಪ್ಪರ್ ಆಸ್ಟ್ರಿಯಾ ಪ್ರಾಂತ್ಯದಲ್ಲಿ ವಲಸೆ ವಿರೋಧಿ ಪಕ್ಷದ ಮತ ಸುಮಾರು ಶೇ. 15ರಿಂದ 30ಕ್ಕೆ ಏರಿತು. ಆಂಡ್ರಿಯಾಸ್ ಸ್ಟೈನ್‌ಮಾಯರ್ ಎಂಬ ಅರ್ಥಶಾಸ್ತ್ರಜ್ಞ ಊರೂರಿನ ಲೆಕ್ಕ ನೋಡಿದರು. ನಿರಾಶ್ರಿತರು ಬಂದು ನೆಲೆಸಿದ ಊರುಗಳು ಆ ಪಕ್ಷಕ್ಕೆ ಅಷ್ಟು ವಾಲಿರಲಿಲ್ಲ. ಜರ್ಮನಿಗೆ ಹೋಗುವವರು ಸುಮ್ನೆ ಹಾದುಹೋದ ಗಡಿ ಊರುಗಳಲ್ಲಿ ಒಲವು ಹೆಚ್ಚಿತ್ತು. (ನಮ್ಮ ಅಸ್ಸಾಂ ಹುಡುಗರು ನಿರಾಶ್ರಿತರಲ್ಲ, ಇದೇ ದೇಶದವರು. ಹೋಲಿಕೆ ಅಷ್ಟಕ್ಕೇ.)

ಇನ್ನೊಂದು ತಪ್ಪು ಹಿಡಿದಿದ್ದು ಎರಡನೇ ಊರಿನ ಒಬ್ಬ ಅಜ್ಜಿ. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲೀತಿದ್ದರು. ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿಯೋ ಹೊತ್ತಿಗೆ ಮನೆ ಬಿಟ್ಟು ಬಂದವರು. ‘ಲಾರೀಲಿ ಸಾಮಾನು ಹೇರ್ಕೊಂಡು ಬಂದ್ವಿ. ಇಲ್ಲಿಯೋರು ನಮ್ಮನ್ನೂ ಬೈತಿದ್ರು’ ಅಂದರು.

‘ಹಾಗಾದ್ರೆ ಈ ಹುಡುಗರ ಮೇಲೆ ಕನಿಕರ ಇರುತ್ತೆ, ಅಲ್ವಾ ಅಜ್ಜಿ?’

ಕೈ ನಿಂತಿತು. ‘ಕನಿಕರ ಯಾಕೆ? ಅವರು ಕೆಲಸ ಮಾಡ್ತಾರೆ, ತೋಟದವರು ಕೂಲಿ ಕೊಡ್ತಾರೆ. ಈ ಪ್ರಶ್ನೆ ನಿನ್ನ ಡಬ್ಬೀಲಿ ಉಂಟಾ?’

ಇರಲಿಲ್ಲ. ನನಗೆ ಬೇಕಾದ ಉತ್ತರಾನ ಅಜ್ಜಿ ಬಾಯಿಗೆ ತುರುಕೋಕೆ ಹೋಗಿದ್ದೆ. ಟ್ಯಾಬ್‌ನಲ್ಲಿ ಏನೂ ಒತ್ತದೆ ಮುಂದಿನ ಮನೆಗೆ ಹೋದೆ.

ಈಗ ಅಭಿಪ್ರಾಯ ಕೇಳೋ ಮೊದಲು ‘ಅವರನ್ನ ನೀವು ಎಲ್ಲಿ ನೋಡ್ತೀರಿ?’ ಅಂತ ಕೇಳ್ತೀನಿ. ಮೊನ್ನೆ ಹೆದ್ದಾರಿ ಪಕ್ಕದ ಇನ್ನೊಂದು ಊರಲ್ಲಿ ಒಬ್ಬರು ಸ್ವಲ್ಪ ಯೋಚಿಸಿ ಹೇಳಿದರು: ‘ಜೀಪಿನ ಹಿಂದೆ ನೇತಾಡ್ತಾ ಹೋಗ್ತಾರಲ್ಲ, ಆಗ.’