ಅಂದ್ಖೋಯ್‌ನ ಕೆಂಪು ಗಂಟುಗಳು

20 ಜನವರಿ 2024, ಶನಿವಾರ
ಶಾರ್ಜಾ

ಅಫ್ಘಾನ್ ಕಾರ್ಪೆಟ್ ಎದುರಿಗೆ ಬಂದರೆ ಮೊದಲು ಮಗುಚಿ ನೋಡಬೇಕು. ಮೇಲ್ಭಾಗ ಯಾರ ಕಣ್ಣಿಗಾದರೂ ಚೆಂದವೇ. ಕೆಲಸ ಎಂಥದು ಅಂತ ಗೊತ್ತಾಗುವುದು ಹಿಂಬದಿಯಲ್ಲಿ. ಇವತ್ತು ಮಧ್ಯಾಹ್ನವೆಲ್ಲ ಬ್ಲೂ ಸೂಕ್ ಮಾರುಕಟ್ಟೆಯ ಮಹಡಿ ಮೇಲಿನ ಒಂದು ಅಂಗಡಿಯಲ್ಲಿ ಅದನ್ನೇ ಮಾಡಿದೆ.

ಅಂಗಡಿಯ ಹಿರಿಯರು ತುರ್ಕ್‌ಮೆನ್ ಜನಾಂಗದವರು. ಊರು ಉತ್ತರ ಅಫ್ಘಾನಿಸ್ತಾನದ ಅಂದ್ಖೋಯ್. ಪೇಶಾವರದಲ್ಲಿ ಬೆಳೆದವರು, ಹಾಗಾಗಿ ಉರ್ದು ಚೆನ್ನಾಗಿ ಬರುತ್ತದೆ. "ಚಾಚಾ, ಕೊಳ್ಳೋಕೆ ಬಂದಿಲ್ಲ, ನೋಡೋಕೆ ಬಂದೆ" ಅಂತ ಮೊದಲೇ ಹೇಳಿಬಿಟ್ಟೆ. "ನೋಡೋಕೆ ದುಡ್ಡೇನು ಬೇಟಾ, ಕೂತ್ಕೋ" ಅಂದರು. ಏಲಕ್ಕಿ ಹಾಕಿದ ಹಸಿರು ಚಹಾ ಬಂತು.

ಅವರು ಬಿಚ್ಚಿ ಹಾಸಿದ್ದು 2 ಮೀಟರ್ ಅಗಲ, 3 ಮೀಟರ್ ಉದ್ದದ್ದು. ಗಾಢ ಕೆಂಪು. ಅದರ ಮೇಲೆ ಸಾಲು ಸಾಲಾಗಿ ಎಂಟು ಮೂಲೆಯ ದೊಡ್ಡ ಚಿತ್ತಾರಗಳು, ಗುಲ್ ಅನ್ನುತ್ತಾರೆ. ಆನೆಪಾದ ಅಂತಲೂ ಕರೆಯುವುದುಂಟು. ಪ್ರತಿ ಗುಲ್ ಅನ್ನೂ ನಾಲ್ಕು ಭಾಗ ಮಾಡಿ ಎದುರುಬದುರು ಭಾಗಗಳಿಗೆ ಒಂದೇ ಬಣ್ಣ ಕೊಟ್ಟಿದ್ದಾರೆ. ಒಳಗೆ ಮೂರೆಲೆಯ ಪುಟ್ಟ ಪುಟ್ಟ ಚಿತ್ತಾರ. ಎರ್ಸಾರಿ ಪಂಗಡದ ತುರ್ಕ್‌ಮೆನ್ನರ ಕೈಕೆಲಸದ ಗುರುತು ಇದು.

ಗಂಟು ಹೇಗೆ ಹಾಕುತ್ತಾರೆ ಅಂತ ಕೇಳಿದೆ. ಚಾಚಾ ಎರಡು ದಾರವನ್ನು ಬೆರಳುಗಳ ನಡುವೆ ಬಿಗಿಯಾಗಿ ಹಿಡಿದರು. ಕೆಂಪು ಉಣ್ಣೆಯ ಎಳೆಯನ್ನು ಒಂದು ದಾರಕ್ಕೆ ಪೂರ್ತಿ ಸುತ್ತಿದರು. ಪಕ್ಕದ ದಾರದ ಹಿಂದಿನಿಂದ ಸುಮ್ನೆ ಹಾಯಿಸಿ ಮುಂದಕ್ಕೆ ತೆಗೆದರು. ಎರಡೂ ತುದಿ ಹಿಡಿದು ಕೆಳಕ್ಕೆ ಎಳೆದರು. ಆಯಿತು, ಒಂದು ಗಂಟು. ಮಗ್ಗದಲ್ಲಾದರೆ ಆಮೇಲೆ ಚಾಕುವಿನಿಂದ ಎಳೆ ಕತ್ತರಿಸುತ್ತಾರೆ. ಒಂದು ಸಾಲು ಗಂಟು ಮುಗಿದ ಮೇಲೆ ಹೊಕ್ಕಿನ ದಾರ ಹಾಯಿಸಿ, ಭಾರದ ಹಣಿಗೆಯಿಂದ ಬಡಿದು ಕೂರಿಸುತ್ತಾರೆ. ಆಮೇಲೆ ಮುಂದಿನ ಸಾಲು.

ಹಿಂಬದಿಗೆ ಸ್ಕೇಲ್ ಇಟ್ಟು ಎಣಿಸಿದೆವು. ಇಂಚಿಗೆ ಅಡ್ಡಕ್ಕೆ 10, ಉದ್ದಕ್ಕೆ 10. ಅಂದರೆ ಚದರ ಇಂಚಿಗೆ 100 ಗಂಟು, ಚದರ ಮೀಟರಿಗೆ ಒಂದೂವರೆ ಲಕ್ಷ. ಇಡೀ ಕಾರ್ಪೆಟ್‌ನಲ್ಲಿ 9 ಲಕ್ಷಕ್ಕೂ ಜಾಸ್ತಿ! ಮೂವರು ಹೆಂಗಸರು ಪಕ್ಕಪಕ್ಕ ಕೂತು, ಒಬ್ಬೊಬ್ಬರು ದಿನಕ್ಕೆ 8 ಸಾವಿರ ಗಂಟು ಹಾಕಿದರೂ ಹೆಚ್ಚುಕಮ್ಮಿ 40 ದಿನ ಹಿಡಿಯುತ್ತದೆ. ಉಣ್ಣೆ ನೂಲುವುದು, ಬಣ್ಣ ಹಾಕುವುದು, ಮಗ್ಗ ಕಟ್ಟುವುದು, ಕೊನೆಗೆ ತೊಳೆದು ಮೇಲ್ಮೈ ಸಮ ಮಾಡುವುದು, ಇವೆಲ್ಲ ಬೇರೆ. ಇಷ್ಟಾಗಿಯೂ ಆ ಮೂವರ ಹೆಸರು ಎಲ್ಲೂ ಇಲ್ಲ. ಹಿಂದೆ ಅಂಟಿಸಿರುವ ಚೀಟಿಯಲ್ಲಿ ಅಳತೆ ಇದೆ, ಬೆಲೆ ಇದೆ, ಅಷ್ಟೇ. ಇದು ನನಗೆ ಸರಿ ಕಾಣುವುದಿಲ್ಲ.

ಕಾರ್ಪೆಟ್‌ನ ಒಂದು ಕಡೆ, ಅಂಗೈ ಅಗಲದ ಪಟ್ಟಿಯಲ್ಲಿ ಮಾತ್ರ ಕೆಂಪು ಸ್ವಲ್ಪ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಇದಕ್ಕೆ ಅಬ್ರಷ್ ಅನ್ನುತ್ತಾರೆ. ಒಂದು ಸಲ ಬಣ್ಣ ಹಾಕಿದ ಉಣ್ಣೆ ಮುಗಿದು, ಇನ್ನೊಂದು ಸಲದ್ದು ಶುರುವಾದ ಜಾಗ ಅದು. ಇದನ್ನು ದೋಷ ಅಂದುಕೊಂಡು ಬೆಲೆ ಇಳಿಸಿ ಅನ್ನುವ ಗಿರಾಕಿಗಳು ಬಹಳ ಇದ್ದಾರಂತೆ. ನನಗಂತೂ ಇಡೀ ಕಾರ್ಪೆಟ್‌ನಲ್ಲಿ ತುಂಬಾ ಹಿಡಿಸಿದ್ದು ಅದೇ ಪಟ್ಟಿ. ಮನುಷ್ಯರು ಕೂತು ಮಾಡಿದ್ದು ಅಂತ ಅಲ್ಲಿ ಕಣ್ಣಿಗೇ ಕಾಣುತ್ತದೆ, ಅಲ್ವಾ?

ಆ ಕೆಂಪು ಬರುವುದು ರೋದಂಗ್ ಅನ್ನುವ ಗಿಡದ ಬೇರಿನಿಂದ. ನಮ್ಮ ಗ್ರಂದಿಗೆ ಅಂಗಡಿಯ ಮಂಜಿಷ್ಠದ ಹತ್ತಿರದ ಬಳಗ. ಬೇರು ಒಣಗಿಸಿ ಪುಡಿ ಮಾಡಿ, ಪಟಿಕದ ಜತೆ ಉಣ್ಣೆಗೆ ಹಿಡಿಸುತ್ತಾರೆ. ನೀಲಿಗೆ ಇಂಡಿಗೋ, ಕಂದು ಬಣ್ಣಕ್ಕೆ ಅಕ್ರೋಟ್ ಸಿಪ್ಪೆ, ಹಳದಿಗೆ ದಾಳಿಂಬೆ ಸಿಪ್ಪೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ರಾಸಾಯನಿಕ ಬಣ್ಣ ಬಂದು ಇವುಗಳ ಬಳಕೆ ಕಡಿಮೆಯಾಗುತ್ತ ಹೋಯಿತು. 1990ರ ದಶಕದಲ್ಲಿ ಪಾಕಿಸ್ತಾನದಲ್ಲಿದ್ದ ಅಫ್ಘಾನ್ ನಿರಾಶ್ರಿತರು ಗಿಡದ ಬಣ್ಣಗಳಲ್ಲೇ ಮಾಡಿದ ಚೋಬಿ ಕಾರ್ಪೆಟ್‌ಗಳು ಹೊರದೇಶದಲ್ಲಿ ಓಡತೊಡಗಿದ ಮೇಲೆ ಬೇರು ಸಿಪ್ಪೆಗಳಿಗೆ ಮತ್ತೆ ಬೆಲೆ ಬಂತು.

ಒಂದು ಕಾಲದಲ್ಲಿ ಯುರೋಪಿನ ಮಾರುಕಟ್ಟೆಗೆ ಈ ಕೆಂಪು ರುಚಿಸಲಿಲ್ಲವಂತೆ. ನೇಯ್ದು ಮುಗಿದ ಕಾರ್ಪೆಟ್‌ಗೆ ಬ್ಲೀಚ್ ಹಾಕಿ, ಕೆಂಪು ತೆಗೆದು ಹೊಂಬಣ್ಣ ಬರಿಸಿ, ಗೋಲ್ಡನ್ ಅಫ್ಘಾನ್ ಅಂತ ಮಾರಿದರು. ಅಂಥದ್ದೊಂದನ್ನು ಚಾಚಾ ಮುಟ್ಟಿ ನೋಡಲು ಕೊಟ್ಟರು. ಉಣ್ಣೆ ಒಣಹುಲ್ಲಿನ ಹಾಗೆ ಬಿರುಸಾಗಿತ್ತು. ಬೇರು ಅಗೆದು ಕುದಿಸಿ ತಿಂಗಳುಗಟ್ಟಲೆ ಕೂತು ನೇಯ್ದವರ ಮೇಲೆ ಒಂದಿಷ್ಟೂ ಗೌರವ ಇಲ್ಲದ ಕೆಲಸ ಅದು. ನನಗೆ ನಿಜಕ್ಕೂ ಸಿಟ್ಟು ಬಂತು.

ಚಾಚಾ ಅವರ ಅಜ್ಜ ಅಫ್ಘಾನಿಸ್ತಾನದಲ್ಲಿ ಹುಟ್ಟಿದವರಲ್ಲ. 1920ರ ದಶಕದಲ್ಲಿ ಸೋವಿಯತ್ ಆಡಳಿತಕ್ಕೆ ಹೆದರಿ ಅಮು ದರಿಯಾ ನದಿ ದಾಟಿ ಬಂದ ತುರ್ಕ್‌ಮೆನ್ನರಲ್ಲಿ ಒಬ್ಬರು. ಹಾಗೆ ಬಂದವರು ಕರಕುಲ್ ಕುರಿಗಳನ್ನೂ ಮಗ್ಗದ ಕೆಲಸವನ್ನೂ ಜತೆಗೆ ತಂದರು. ಅಂದ್ಖೋಯ್, ಆಕ್ಚಾ ಕಾರ್ಪೆಟ್ ಊರುಗಳಾಗಿ ಬೆಳೆದದ್ದರಲ್ಲಿ ಅವರ ಪಾಲು ದೊಡ್ಡದು. ಆಮೇಲೆ 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೈನ್ಯ ಅಲ್ಲಿಗೂ ಬಂತು. ಮೊಮ್ಮಕ್ಕಳು ಪೇಶಾವರಕ್ಕೆ ಓಡಿದರು. ಅಲೆಮಾರಿಗಳ ನೆಲದ ಮಗ್ಗ ಅಂದರೆ ನಾಲ್ಕು ಗೂಟ, ಎರಡು ಮರದ ದಿಂಡು. ಬಿಚ್ಚಿ ಹೊತ್ತುಕೊಂಡು ಹೋಗಿ ಎಲ್ಲಿ ಬೇಕಾದರೂ ಹೂಡಬಹುದು. ಕ್ಯಾಂಪಿನಲ್ಲೂ ನೇಯ್ಗೆ ನಿಲ್ಲಲಿಲ್ಲ.

ಆದರೆ ಹೆಸರು ಹೋಯಿತು. ಅಫ್ಘಾನಿಸ್ತಾನದಲ್ಲೇ ನೇಯ್ದದ್ದು ಕೂಡ ತೊಳೆಯಲು, ಮೇಲ್ಮೈ ಕತ್ತರಿಸಿ ಸಮ ಮಾಡಲು ಪಾಕಿಸ್ತಾನಕ್ಕೆ ಹೋಗಿ, ಪಾಕಿಸ್ತಾನದ ಸರಕು ಅಂತ ಮುದ್ರೆ ಹಾಕಿಸಿಕೊಂಡು ಹೊರದೇಶಕ್ಕೆ ಹೋಗುತ್ತಿತ್ತು. 2023ರ ನವೆಂಬರ್‌ನಿಂದ ದಾಖಲೆ ಇಲ್ಲದ ಅಫ್ಘಾನರನ್ನು ಪಾಕಿಸ್ತಾನ ಹೊರಗೆ ಕಳಿಸುತ್ತಿದೆ. ಲಕ್ಷಗಟ್ಟಲೆ ಜನ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದ್ದಾರೆ. ಚಾಚಾ ಅವರ ತಮ್ಮನ ಮನೆಯವರೂ ಅವರ ಜತೆ ಹೋದರಂತೆ. ಮಗ್ಗ ತೆಗೆದುಕೊಂಡು ಹೋದರಾ ಅಂತ ಕೇಳಿದೆ. ಹಣಿಗೆ, ಕತ್ತರಿ ಮಾತ್ರ ಅಂದರು.

ಕಾಬೂಲ್‌ನ ಪಶ್ಚಿಮದ ಬಡಾವಣೆಗಳಲ್ಲಿ ಹಜಾರಾ ಜನಾಂಗದವರ ಮನೆಗಳಲ್ಲೂ ಈಗ ಮಗ್ಗಗಳಿವೆ. ಅಲ್ಲಿ ಕೂತಿರುವವರಲ್ಲಿ ತಾಲಿಬಾನ್ ಆಡಳಿತದಲ್ಲಿ ಹೈಸ್ಕೂಲಿನ ಬಾಗಿಲು ಮುಚ್ಚಿಸಿಕೊಂಡ ಹುಡುಗಿಯರಿದ್ದಾರೆ. 2022ರ ಡಿಸೆಂಬರ್‌ನಲ್ಲಿ ಯೂನಿವರ್ಸಿಟಿಯೂ ಮುಚ್ಚಿದ ಮೇಲೆ ಓದು ಅರ್ಧಕ್ಕೆ ನಿಂತವರೂ ಬಂದರು. ಉಣ್ಣೆಯ ಧೂಳು ಎದೆಗೆ ಹೋಗುತ್ತದೆ, ಬೆನ್ನು ಹೋಗುತ್ತದೆ, ಕಣ್ಣು ಹೋಗುತ್ತದೆ. ಕೂಲಿ ಚದರ ಮೀಟರ್ ಲೆಕ್ಕ. ಉಣ್ಣೆ, ನಕ್ಷೆ ವ್ಯಾಪಾರಿಯದಾದರೆ ಅವರ ಕೈಗೆ ಉಳಿಯುವುದು ತೀರಾ ಕಮ್ಮಿ. ತಾಯಿ ಮಗಳಿಗೆ ಕಲಿಸಿದ ಕಲೆ ಅಂತ ನಾವು ಕೊಂಡಾಡುತ್ತೇವೆ. ಅದು ನಿಜವೇ. ಆದರೆ ಡಾಕ್ಟರ್ ಆಗಬೇಕು ಅಂತಿದ್ದ ಹುಡುಗಿ ಬೇರೆ ದಾರಿಯಿಲ್ಲದೆ ಹಾಕಿದ ಗಂಟನ್ನೂ ಪರಂಪರೆ ಅಂತ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೊಳ್ಳುವುದು ಬಿಟ್ಟರೆ ಆ ಕೂಲಿಯೂ ನಿಲ್ಲುತ್ತದೆ, ಅದೂ ಗೊತ್ತು. ಕೊಳ್ಳುವವರು ಎಲ್ಲಿ ನೇಯ್ದದ್ದು, ನೇಯ್ದವರಿಗೆ ಎಷ್ಟು ಹೋಯಿತು ಅಂತ ಕೇಳಲಿ. ಚಾಚಾ ಮೊದಲನೆಯದಕ್ಕೆ ತಕ್ಷಣ ಉತ್ತರ ಕೊಟ್ಟರು. ಎರಡನೆಯದಕ್ಕೆ ತಮ್ಮ ಊರಿಂದ ನೇರವಾಗಿ ತರಿಸಿದವಕ್ಕೆ ಮಾತ್ರ ಹೇಳಬಲ್ಲೆ ಅಂದರು.

ಬಲೂಚಿ ಕಾರ್ಪೆಟ್‌ಗಳ ಕಟ್ಟು ಬಿಚ್ಚಲು ಇವತ್ತು ಆಗಲಿಲ್ಲ. ಪಶ್ಚಿಮದ ಹೆರಾತ್ ಕಡೆಯವು, ಹೆಚ್ಚಾಗಿ ಕಡುಗೆಂಪು, ಕಡುನೀಲಿ, ಒಂಟೆ ಬಣ್ಣ. ಅದರಲ್ಲಿ ಟ್ಯಾಂಕು, ಹೆಲಿಕಾಪ್ಟರ್ ನೇಯ್ದ ಯುದ್ಧಕಾಲದ್ದೂ ಎರಡಿವೆಯಂತೆ. ಮುಂದಿನ ಶನಿವಾರ ತೆಗೆದಿಡುತ್ತೇನೆ ಅಂದಿದ್ದಾರೆ. ಒಂದು ಭೂತಕನ್ನಡಿ, ನೋಟ್‌ಬುಕ್ ತೆಗೆದುಕೊಂಡು ಹೋಗುತ್ತೇನೆ. ಅವರಿಗೆ ನೆನಪಿರುವಷ್ಟು ಊರುಗಳ ಹೆಸರನ್ನಾದರೂ ಬರೆದುಕೊಳ್ಳಬೇಕು.