ಭಾನುವಾರ ಸಾಲದಾ, ಬುಧವಾರವೂ ಯಾಕೆ?

"ಭಾನುವಾರ ಎರಡು ಗಂಟೆ ಚರ್ಚಿನಲ್ಲಿ ಕೂತಿರ್ತೀರಿ. ಬುಧವಾರ ಸಾಯಂಕಾಲ ಮತ್ತೆ ಯಾರದೋ ಮನೆಯಲ್ಲಿ ಪ್ರಾರ್ಥನಾ ಕೂಟ. ಅಷ್ಟೊಂದು ಯಾಕೆ ಸಾರ್?" ಆಫೀಸಿನಲ್ಲಿ ಹೀಗೆ ಕೇಳುತ್ತಾರೆ. ವರ್ಗವಾಗಿ ಹಾಸನಕ್ಕೆ ಬಂದು ನಮ್ಮ ಸಭೆ ಸೇರಿದವರೂ ಕೇಳುತ್ತಾರೆ, ಸ್ವಲ್ಪ ಮೆಲ್ಲಗೆ.

ಆರು ವರ್ಷ ನಾನೂ ಇದನ್ನೇ ಕೇಳಿಕೊಂಡು ಮನೆಯಲ್ಲಿ ಉಳಿದವನು. ನಿಜವಾದ ಕಾರಣ ಸಂಕೋಚ. ಇನ್ನೊಬ್ಬರ ಮನೆಯ ಸೋಫಾ ಮೇಲೆ ಕೂತು, ಎಲ್ಲರ ಎದುರು ಬಾಯಿಬಿಟ್ಟು ಪ್ರಾರ್ಥನೆ ಮಾಡುವುದು ನನ್ನ ಕೈಲಿ ಆಗದ ಕೆಲಸ ಅಂದುಕೊಂಡಿದ್ದೆ. ಭಾನುವಾರ ಹಿಂದಿನಿಂದ ಮೂರನೇ ಬೆಂಚು, ಫ್ಯಾನ್ ಕೆಳಗೆ. ಆಶೀರ್ವಾದ ಮುಗಿದ ತಕ್ಷಣ ಬೈಕ್ ಹತ್ತಿರ.

ಒಂದು ವರ್ಷ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಾಲ್ಕು ಭಾನುವಾರ ನಾವಿಬ್ಬರೂ ಚರ್ಚಿಗೆ ಹೋಗಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಯಾರದೂ ತಪ್ಪಲ್ಲ ಬಿಡಿ, ಅಷ್ಟು ಜನರಲ್ಲಿ ಯಾವ ಬೆಂಚು ಖಾಲಿ ಅಂತ ಯಾರು ನೋಡುತ್ತಾರೆ? ನಾನಾದರೂ ಯಾರಿಗೆ ಹೇಳಿದ್ದೆ?

ನಡೆಯುವಂತಾದ ಮೇಲೆ ಅಮ್ಮನೇ ಹಟ ಹಿಡಿದು ಬುಧವಾರದ ಕೂಟಕ್ಕೆ ಹೊರಟರು. ಬಿಡಲು ಹೋದ ನಾನು ಹೊರಗೆ ಮೆಟ್ಟಿಲ ಮೇಲೆ ಮೊಬೈಲ್ ನೋಡುತ್ತಾ ಕೂತೆ. ಆ ಮನೆಯ ಆಂಟಿ ಬಾಗಿಲಿಗೆ ಬಂದು, "ಒಳಗೆ ಬಾರಪ್ಪ, ಸೊಳ್ಳೆ ಕಚ್ಚುತ್ತೆ" ಅಂದರು. ನಾನು ಕೂಟ ಸೇರಿದ್ದು ಹೀಗೆ. ಸೊಳ್ಳೆಯಿಂದ.

ಒಳಗೆ ನಡೆಯುವುದು ದೊಡ್ಡದೇನಲ್ಲ. ಎರಡು ಹಾಡು, ಸತ್ಯವೇದದ (ಬೈಬಲಿನ) ಒಂದು ಭಾಗ, ಮಾತು, ಪ್ರಾರ್ಥನೆ, ಟೀ. ಆದರೆ ಆ ಮಾತು ಇದೆಯಲ್ಲ, ಅದು ಭಾನುವಾರ ಸಿಗುವುದಿಲ್ಲ. ಪ್ರಸಂಗದ ಮಧ್ಯೆ ಕೈ ಎತ್ತಿ, "ಅಯ್ಯನವರೇ, ಇದು ನನಗೆ ಒಪ್ಪಿಗೆ ಆಗ್ತಿಲ್ಲ" ಅನ್ನಲು ಆಗುತ್ತಾ?

ಒಂದು ಸಲ ಸತ್ಯವೇದದ ಅಪೊಸ್ತಲರ ಕೃತ್ಯಗಳು ಪುಸ್ತಕದ 20ನೇ ಅಧ್ಯಾಯ ಓದಿದೆವು. ಅಪೊಸ್ತಲ ಪೌಲನು ಮಧ್ಯರಾತ್ರಿವರೆಗೂ ಮಾತಾಡುತ್ತಾನೆ. ಕಿಟಕಿಯಲ್ಲಿ ಕೂತಿದ್ದ ಯೂತಿಖ ಎಂಬ ಹುಡುಗ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬೀಳುತ್ತಾನೆ. ಚಿಕ್ಕಂದಿನಿಂದ ನಾನು ಕೇಳಿದ್ದು ಒಂದೇ ಅರ್ಥ: ದೇವರ ವಾಕ್ಯದ ಹೊತ್ತಿನಲ್ಲಿ ನಿದ್ದೆ ಮಾಡಬೇಡ. ನಮ್ಮ ಕೂಟದಲ್ಲಿ ನಿವೃತ್ತ ಬಸ್ ಡ್ರೈವರ್ ಅಂಕಲ್ ಒಬ್ಬರಿದ್ದಾರೆ. ಅವರು ಕನ್ನಡಕ ತೆಗೆದು ಹೇಳಿದರು, "ಹಗಲೆಲ್ಲ ದುಡಿದು ಬಂದಿರ್ತಾನೆ ಕಣ್ರಪ್ಪಾ. ನೈಟ್ ಡ್ಯೂಟಿ ನಿದ್ದೆ ನನಗೆ ಗೊತ್ತು. ಅಷ್ಟಾದ್ರೂ ಬಂದಿದ್ನಲ್ಲ." ಪೌಲನು ಇಳಿದು ಹೋಗಿ ಆ ಹುಡುಗನನ್ನು ತಬ್ಬಿಕೊಂಡ, ಬೈಯಲಿಲ್ಲ ಅನ್ನುವುದು ಆಮೇಲೆ ನನ್ನ ಕಣ್ಣಿಗೆ ಬಿತ್ತು. ಅಷ್ಟು ವರ್ಷ ಓದಿದ್ದೆ, ನೋಡಿರಲಿಲ್ಲ.

ಇದೇನು ಹೊಸ ಫ್ಯಾಷನ್ ಅನ್ನುವವರಿಗೆ ಒಂದು ಹಳೇ ಕಥೆ. ಹಳೇ ಮೈಸೂರು ಕಡೆಯ ಬಹಳಷ್ಟು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಬೇರು ವೆಸ್ಲಿಯನ್ ಮಿಷನ್‌ನಲ್ಲಿದೆ. ಆ ಮಿಷನ್‌ಗೆ ಹೆಸರು ಬರಲು ಕಾರಣರಾದ ಬೋಧಕ ಜಾನ್ ವೆಸ್ಲಿ 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಾಲದಲ್ಲಿದ್ದರು. ಪ್ರಾರ್ಥನೆಗೆ ಕಟ್ಟಿಸಿದ ಮನೆಯ ಸಾಲ. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ, ಸುಮಾರು 12 ಜನರಿಗೆ ಒಬ್ಬರು ವಸೂಲಿ ಮಾಡಲಿ ಅಂತ ತೀರ್ಮಾನವಾಯಿತು. ಕಾಸು ಕೇಳಲು ಮನೆ ಮನೆಗೆ ಹೋದವರಿಗೆ ಯಾವ ಮನೆಯಲ್ಲಿ ಜಗಳ, ಯಾರು ಸರಿಯಾಗಿ ನಡೆಯುತ್ತಿಲ್ಲ ಅನ್ನುವುದೆಲ್ಲ ಕಂಡಿತು. ಆಮೇಲೆ ಆ ಗುಂಪುಗಳೇ ವಾರಕ್ಕೊಮ್ಮೆ ಒಟ್ಟಿಗೆ ಕೂರತೊಡಗಿದವು. ಸಾಲ ವಸೂಲಿಯಿಂದ ಹುಟ್ಟಿದ ಪದ್ಧತಿ! ನನ್ನ ಸೊಳ್ಳೆಗಿಂತ ವಾಸಿ ಏನಲ್ಲ.

ಕೂಟದಲ್ಲಿ ಎಲ್ಲ ಚೆನ್ನ ಅಂತ ಹೇಳಲಾರೆ. "ಪಾಪ, ಅವರ ಮಗಳಿಗಾಗಿ ಪ್ರಾರ್ಥನೆ ಮಾಡಿ" ಅಂತ ಶುರುವಾದ ಸುದ್ದಿ ಗುರುವಾರ ಬೆಳಿಗ್ಗೆಗೆ ಕಟ್ಟಿನಕೆರೆ ಮಾರ್ಕೆಟ್ ಮುಟ್ಟಿದ್ದೂ ಇದೆ. ಆ ಮನೆಯವರು ಮತ್ತೆ ಬರಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ಈಗ ನಿಯಮ ಒಂದೇ: ನಿಮ್ಮ ಕಷ್ಟ ಮಾತ್ರ ಹೇಳಿ, ಬೇರೆಯವರದು ಬೇಡ. ತಿಂಡಿಯದೂ ಒಂದು ರಗಳೆ. ಚಕ್ಕುಲಿಯಿಂದ ಶುರುವಾಗಿ ಬೋಂಡಾ, ಕೇಸರಿಬಾತ್ ಅಂತ ಏರುತ್ತಾ ಹೋಯಿತು. ಒಂದು ಮನೆಯವರು ತಮ್ಮ ಸರದಿ ಬಂದಾಗಲೆಲ್ಲ ಏನೋ ನೆಪ ಹೇಳತೊಡಗಿದರು. ಕಾರಣ ಹೊಳೆಯಲು ನಮಗೆ ಮೂರು ತಿಂಗಳು ಬೇಕಾಯಿತು. ಈಗ ಟೀ, ಜೊತೆಗೆ ಒಂದೇ ತಿಂಡಿ. ಅವರೆಕಾಯಿ ಕಾಲದಲ್ಲಿ ಮಾತ್ರ ಯಾರೂ ಈ ನಿಯಮ ಪಾಲಿಸುವುದಿಲ್ಲ.

ಸೇರುವುದಾದರೆ ಯಾವ ಕೂಟ? ಹಾಡು ಚೆನ್ನಾಗಿರುವುದು, ಓದಿದವರು ಜಾಸ್ತಿ ಇರುವುದು ಅಂತೆಲ್ಲ ಹುಡುಕಬೇಡಿ. ನಡೆದು ಹೋಗುವಷ್ಟು ಹತ್ತಿರದ್ದು ಸೇರಿ. ನಮ್ಮ ಡ್ರೈವರ್ ಅಂಕಲ್ ಮನೆ ನಮ್ಮಿಂದ ಎರಡು ಕ್ರಾಸ್ ಆಚೆ. ಕಳೆದ ವರ್ಷ ನಾನು ಸತತ ಎರಡು ಬುಧವಾರ ಹೋಗಲಿಲ್ಲ. ಎರಡನೇ ರಾತ್ರಿ ಎಂಟೂವರೆಗೆ ಗೇಟಿನ ಸದ್ದಾಯಿತು. ನೋಡಿದರೆ ಅಂಕಲ್, ಕೈಯಲ್ಲಿ ಟಾರ್ಚು, ಸ್ಟೀಲ್ ಡಬ್ಬಿಯಲ್ಲಿ ಆ ದಿನದ ನಿಪ್ಪಟ್ಟು.

"ಏನಪ್ಪಾ, ಹುಷಾರಿಲ್ವಾ?"

ಒಳಗೆ ಟಿವಿ ಜೋರಾಗಿಯೇ ಇತ್ತು. ಸುಳ್ಳು ಹೇಳಿ ಉಪಯೋಗವಿರಲಿಲ್ಲ. "ಮ್ಯಾಚ್ ಇತ್ತು ಅಂಕಲ್" ಅಂದೆ.

ಚಪ್ಪಲಿ ಬಿಡುತ್ತಾ ಕೇಳಿದರು, "ಸ್ಕೋರ್ ಎಷ್ಟು?"